ಬರಿದಾಗಿ ಬಂದ ಡಬ್ಬಿ

ಚೌತಿಯ ಮರುದಿನ ಬೆಳಿಗ್ಗೆ ಹಾಲು ತರಲೆಂದು ಹೊರಟವನಿಗೆ ನಮ್ಮ ಗೇಟಿನ ಚಿಲಕಕ್ಕೆ ತೂಗುಹಾಕಿದ್ದ ಬಟ್ಟೆಯ ಚೀಲವೊಂದು ಕಾಣಿಸಿತು. ಒಳಗಿದ್ದುದು ನಮ್ಮದೇ ಸ್ಟೀಲ್ ಡಬ್ಬಿ. ಹಿಂದಿನ ದಿನ ಅದರ ತುಂಬ ಕಾಯಿಕಡುಬು ಹೋಗಿತ್ತು. ಹೋದದ್ದು ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ, ಬೆಂಗಳೂರಿನ ಕೆಲಸವನ್ನು ಶಿವಮೊಗ್ಗದ ವಿನೋಬನಗರದಲ್ಲಿ ಕುಳಿತು ಮಾಡುವ ಎಳೆಯ ದಂಪತಿಗೆ. ಡಬ್ಬಿಯನ್ನು ತೊಳೆದಿದ್ದ ಬಗೆಯಲ್ಲಿ ದೋಷ ಹುಡುಕುವಂತಿರಲಿಲ್ಲ. ಮುಚ್ಚಳದ ಅಂಚಿನ ಸಂದಿಯಲ್ಲಿ ನಮ್ಮ ಮನೆಯಲ್ಲಿ ಸದಾ ಉಳಿದುಕೊಳ್ಳುವ ಕಪ್ಪು ಗೆರೆಯನ್ನೂ ಅವರು ಉಜ್ಜಿ ತೆಗೆದಿದ್ದರು. ಮೊಬೈಲಿಗೆ ಸಂದೇಶವೂ ಬಂದಿತ್ತು: “ಅಂಕಲ್, ಬಾಕ್ಸ್ ಗೇಟಿಗೆ ಹಾಕಿದ್ದೇವೆ. ಕಡುಬು ಸೂಪರ್. ಥ್ಯಾಂಕ್ಸ್.” ಕೆಳಗೊಂದು ಕೈಮುಗಿದ ಚಿತ್ರ. ಇಷ್ಟೆಲ್ಲ ಇದ್ದರೂ ನಾನು ಹಾಲಿನ ಬೂತಿನವರೆಗೆ ಸಿಡಿಮಿಡಿಗೊಳ್ಳುತ್ತಲೇ ನಡೆದೆ. ಏಕೆಂದರೆ ಡಬ್ಬಿ ಖಾಲಿಯಿತ್ತು.

ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದಕ್ಕೆ ಒಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ತುಂಬಬೇಕಾದದ್ದು ದೊಡ್ಡ ವಸ್ತುವೇನೂ ಆಗಬೇಕಿಲ್ಲ. ಮಳೆಗಾಲವಾದರೆ ಪತ್ರೊಡೆಗೆ ಆಗುವಷ್ಟು ಕೆಸುವಿನ ಎಲೆ ಅಥವಾ ಹಿತ್ತಿಲಿನ ಬೂದಿಯಲ್ಲಿ ಇಟ್ಟಿದ್ದ ಹಲಸಿನ ಬೀಜ, ಬೇಸಿಗೆಯಾದರೆ ನಾಲ್ಕು ಹಪ್ಪಳ ಅಥವಾ ಎರಡು ನಿಂಬೆಹಣ್ಣು, ಏನೂ ಇಲ್ಲದ ಮನೆಯಲ್ಲಿ ಒಂದು ಚಿಟಿಕೆ ಸಕ್ಕರೆ. ಬಂದದ್ದಕ್ಕಿಂತ ಬೆಲೆಬಾಳುವುದನ್ನು ತುಂಬಿದರೆ ಜಂಬವಾಗುತ್ತದೆ, ಅದೇ ದಿನ ತುಂಬಿ ಕಳಿಸಿದರೆ ಸಾಲ ತೀರಿಸಿದಂತಾಗುತ್ತದೆ, ಅವರು ಕೊಟ್ಟದ್ದನ್ನೇ ನಾವೂ ಮಾಡಿ ತುಂಬಿದರೆ ಅವರ ಕೈರುಚಿಗೆ ಸವಾಲು ಹಾಕಿದಂತಾಗುತ್ತದೆ. ಇವನ್ನೆಲ್ಲ ನಮಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಒಬ್ಬರ ಗದ್ದೆಯ ನಾಟಿಗೆ ಇನ್ನೊಬ್ಬರ ಮನೆಯವರು ಮುಯ್ಯಾಳಾಗಿ ಹೋಗುತ್ತಿದ್ದ, ಯಾರ ಗದ್ದೆಗೆ ಯಾರು ಎಷ್ಟು ದಿನ ಬಂದರೆಂಬ ಲೆಕ್ಕ ಬಾಯಲ್ಲೇ ಇರುತ್ತಿದ್ದ, ಅದನ್ನು ಕಾಗದದಲ್ಲಿ ಬರೆದಿಟ್ಟವನನ್ನು ಊರೇ ಆಡಿಕೊಳ್ಳುತ್ತಿದ್ದ ಸೀಮೆಯಲ್ಲಿ ಬೆಳೆದವರಿಗೆ ಡಬ್ಬಿಯ ಲೆಕ್ಕವನ್ನು ಪ್ರತ್ಯೇಕವಾಗಿ ಹೇಳಿಕೊಡಬೇಕಾಗಿರಲಿಲ್ಲ.

ಖಾಲಿ ಡಬ್ಬಿಗಿಂತ ಹೆಚ್ಚು ಸಿಟ್ಟು ಬರಿಸುವುದು ಇನ್ನೊಂದಿದೆ. ಅದು ಹೋಟೆಲಿನ ಪಾರ್ಸೆಲ್ಲಿನಲ್ಲಿ ಬಂದು ಅಡುಗೆಮನೆಯ ಕಪಾಟಿನಲ್ಲಿ ಒಂದರೊಳಗೊಂದು ಸೇರಿಕೊಂಡು ಬೆಳೆಯುವ, ಕಪ್ಪು ತಳ ಮತ್ತು ಪಾರದರ್ಶಕ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ಈಗ ನಮ್ಮ ಬೀದಿಯಲ್ಲಿ ಹಬ್ಬದ ತಿಂಡಿ ಮನೆಯಿಂದ ಮನೆಗೆ ಹೋಗುವುದು ಬಹುಪಾಲು ಇದರಲ್ಲಿಯೇ. ಕೊಡುವಾಗ “ಡಬ್ಬಿ ವಾಪಸ್ ಕೊಡಬೇಕಂತೇನಿಲ್ಲ, ಇಟ್ಕೊಳ್ಳಿ” ಎಂದು ಔದಾರ್ಯದಿಂದ ಹೇಳುತ್ತಾರೆ. ಡಬ್ಬಿಯೊಡನೆ ನಾನೂ ಮತ್ತೆ ಅವರ ಬಾಗಿಲಿಗೆ ಬರಬೇಕಾಗಿಲ್ಲವೆಂಬ ಅರ್ಥ ಅದರಲ್ಲಿದೆಯೆಂದು ನಾನು ವಾದಿಸಿದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ದೇಶದಾದ್ಯಂತ ನಿಷೇಧಿಸಿದಾಗ ನನಗೆ ಎಳ್ಳಷ್ಟು ಆಸೆ ಹುಟ್ಟಿತ್ತು. ಪಟ್ಟಿಯನ್ನು ಓದಿ ನೋಡಿದರೆ ಸ್ಟ್ರಾ ಇದೆ, ಕಿವಿ ಕೆರೆಯುವ ಕಡ್ಡಿಯಿದೆ, ಡಬ್ಬಿ ಮಾತ್ರ ತಪ್ಪಿಸಿಕೊಂಡಿದೆ.

ಡಬ್ಬಿ ಬರಿದಾಗಿ ಹಿಂದಿರುಗಬಾರದೆಂಬುದರ ಕಾರಣ ತಿಳಿಯಬೇಕಾದರೆ ನನ್ನ ಅಜ್ಜನ ಮನೆಯ ಒಂದು ಡಬ್ಬಿಯ ವಿಷಯವನ್ನು ಹೇಳಲೇಬೇಕು. ಹೊಸನಗರ ತಾಲ್ಲೂಕಿನಲ್ಲಿ, ರಿಪ್ಪನ್‌ಪೇಟೆಯಲ್ಲಿ ಬಸ್ಸಿಳಿದು ನಡೆದೇ ಹೋಗಬೇಕಾಗಿದ್ದ ಆ ಊರಿನಲ್ಲಿ ಇದ್ದದ್ದೇ ಬೆರಳೆಣಿಕೆಯ ಮನೆಗಳು. ನಮ್ಮದು ಕೆಳಗಿನಮನೆ; ತೋಟದಾಚೆ ದಿಬ್ಬದ ಮೇಲಿದ್ದದ್ದು ಮೇಲಿನಮನೆ. ಈ ಎರಡು ಮನೆಗಳ ಗಂಡಸರಿಗೆ ಸೊಪ್ಪಿನಬೆಟ್ಟದ ಗಡಿಯ ವಿಷಯದಲ್ಲಿ ತಕರಾರು ಹುಟ್ಟಿತು. ಕೊಟ್ಟಿಗೆಗೆ ಹಾಸುವ ಸೊಪ್ಪೂ ಅದರಿಂದಾಗುವ ತೋಟದ ಗೊಬ್ಬರವೂ ಬೆಟ್ಟದಿಂದಲೇ ಬರಬೇಕಾದ್ದರಿಂದ ಅಡಿಕೆ ಬೆಳೆಗಾರನು ಮಗಳ ಮದುವೆಯ ಮಾತುಕತೆಯಲ್ಲಾದರೂ ಒಂದು ಹೆಜ್ಜೆ ಹಿಂದೆ ಸರಿದಾನು, ಬೆಟ್ಟದ ಗಡಿಯಲ್ಲಿ ಸರಿಯಲಾರ. ಒಂದು ಹೊನ್ನೆಮರ ಯಾರ ಬದಿಗೆ ನಿಂತಿದೆ ಎಂಬಲ್ಲಿ ಮೊದಲಾದ ಮಾತು ಕೋರ್ಟಿನ ಮೆಟ್ಟಿಲು ಹತ್ತಿತು. ಅಜ್ಜನೂ ಮೇಲಿನಮನೆಯ ಯಜಮಾನರೂ ಮಾತು ಬಿಟ್ಟರು. ಪೇಟೆಗೆ ಹೋಗುವ ಬಸ್ಸಿನಲ್ಲಿ ಒಬ್ಬರಿದ್ದರೆ ಇನ್ನೊಬ್ಬರು ಮುಂದಿನ ಬಸ್ಸಿಗೆ ಕಾಯುತ್ತಿದ್ದರು.

ಆದರೆ ತಕರಾರು ಹುಟ್ಟಿದ ಹೊತ್ತಿನಲ್ಲಿ ಮೇಲಿನಮನೆಯಿಂದ ಹಲಸಿನ ಹಪ್ಪಳ ತುಂಬಿಕೊಂಡು ಬಂದಿದ್ದ ಸ್ಟೀಲ್ ಡಬ್ಬಿಯೊಂದು ನಮ್ಮ ಅಡುಗೆಮನೆಯ ನಾಗಂದಿಗೆಯ ಮೇಲೆ ಉಳಿದುಬಿಟ್ಟಿತ್ತು. ಅಜ್ಜಿಗೆ ಉಭಯಸಂಕಟವಾಯಿತು. ವೈರಿಗಳ ಡಬ್ಬಿಯನ್ನು ಇಟ್ಟುಕೊಂಡರೆ ಊರು ನಗುತ್ತದೆ, ಬರಿದಾಗಿ ಕೊಟ್ಟರೆ ಅವಳ ತವರಿನ ಮರ್ಯಾದೆ ಹೋಗುತ್ತದೆ, ತುಂಬಿ ಕೊಟ್ಟರೆ ಅಜ್ಜನು ಸೋತಂತಾಗುತ್ತದೆ. ಅವಳು ತುಂಬಿ ಕೊಡುವುದೆಂದೂ ಅಜ್ಜನಿಗೆ ಹೇಳಬಾರದೆಂದೂ ತೀರ್ಮಾನಿಸಿದಳು. ತುಂಬಿದ್ದು ಅಪ್ಪೆಮಿಡಿಯ, ಎಂದರೆ ಪರಿಮಳದ ಎಳೆಯ ಮಾವಿನಕಾಯಿಯ, ಉಪ್ಪಿನಕಾಯಿ.

ಅಪ್ಪೆಮಿಡಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಆ ಕಡೆಯವರು ನನ್ನನ್ನು ಕ್ಷಮಿಸಲಾರರು. ರಿಪ್ಪನ್‌ಪೇಟೆಗೆ ಹೆಸರು ಬಂದದ್ದು ಬ್ರಿಟಿಷ್ ವೈಸರಾಯ್ ಲಾರ್ಡ್ ರಿಪನ್ನನಿಂದಾದರೂ ನಮ್ಮವರು ಅದನ್ನು ನೆನೆಯುವುದು ಬೇಸಿಗೆಯ ಆರಂಭದಲ್ಲಿ ಅಲ್ಲಿ ನಡೆಯುವ ಮಿಡಿಯ ವ್ಯಾಪಾರಕ್ಕಾಗಿ. ಮಿಡಿಯನ್ನು ತೊಟ್ಟಿನೊಂದಿಗೇ ಕೊಯ್ಯಬೇಕು. ಮರದಿಂದ ನೆಲಕ್ಕೆ ಬಿದ್ದು ಪೆಟ್ಟಾದ ಒಂದೇ ಒಂದು ಮಿಡಿ ಜಾಡಿಗೆ ಸೇರಿದರೂ ಅದು ಕೊಳೆತು ಉಳಿದವನ್ನೂ ಕೆಡಿಸುತ್ತದೆ. ತೊಟ್ಟು ಮುರಿದಾಗ ಒಸರುವ ಸೊನೆಯಲ್ಲಿಯೇ ಅದರ ಪರಿಮಳವೆಲ್ಲ ಇರುವುದು. ಕಲ್ಲುಪ್ಪಿನಲ್ಲಿ ಹಾಕಿ ಮೇಲೆ ಭಾರವಿಟ್ಟರೆ ಮಿಡಿಗಳು ನೀರು ಬಿಟ್ಟು ಚಿರುಟುತ್ತವೆ. ಆಮೇಲೆ ಮೆಣಸು, ಸಾಸಿವೆಗಳನ್ನು ಅರೆದು ಸೇರಿಸಿ ಬಾಯಿ ಕಟ್ಟಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿರುವ ಈ ಮಿಡಿಯ ವಿಶೇಷವೇನೆಂದರೆ ಒಂದು ಮರದ ಮಿಡಿಯ ಪರಿಮಳ ಇನ್ನೊಂದರದಕ್ಕೆ ಇರುವುದಿಲ್ಲ. ಒಂದು ಜೀರಿಗೆಯ ವಾಸನೆ ಬೀರಿದರೆ ಇನ್ನೊಂದು ಬೇರೆಯೇ ಬಗೆಯದು. ಆದ್ದರಿಂದಲೇ ಮಾಳಂಜಿ ಅಪ್ಪೆ, ಅನಂತಭಟ್ಟನ ಅಪ್ಪೆ ಎಂದು ಅವುಗಳಿಗೆ ಮನುಷ್ಯರಿಗಿದ್ದಷ್ಟೇ ಖಚಿತವಾದ ಹೆಸರುಗಳು. ಉಪ್ಪಿನಕಾಯಿಯ ವಿಷಯ ಬಲ್ಲವನು ಒಂದು ಮಿಡಿ ಕಚ್ಚಿ ಇದು ಯಾವ ಹಳ್ಳದ ದಂಡೆಯ ಮರದ್ದು, ಆದ್ದರಿಂದ ಯಾರ ಮನೆಯದು ಎಂದು ಹೇಳಬಲ್ಲ. ಅಜ್ಜ ಬಲ್ಲವನಾಗಿದ್ದ.

ಡಬ್ಬಿಯನ್ನು ಹೊತ್ತುಕೊಂಡು ದಿಬ್ಬ ಹತ್ತಿದವನು ನಾನು. “ಕೊಟ್ಟು ಬಂದುಬಿಡು, ಅಲ್ಲಿ ನಿಂತು ಎಂತದೂ ಮಾತಾಡ್ಬೇಡ” ಎಂದು ಅಜ್ಜಿ ತಾಕೀತು ಮಾಡಿದ್ದಳು. ಲೆಕ್ಕ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸ್ವಲ್ಪ ಕಾಲದ ಮೇಲೆ ಮೇಲಿನಮನೆಯ ಅಮ್ಮ, ಡಬ್ಬಿ ಕೆಳಗಿನಮನೆಯದೆಂದು ಹೇಳಿ, ತಮ್ಮ ಮರದ ಮಿಡಿ ಉಪ್ಪಿನಕಾಯಿಯನ್ನು ಅದರಲ್ಲಿ ತುಂಬಿ ವಾಪಸ್ ಕಳಿಸಿದರು. ಅಜ್ಜಿ ಅದು ಅವರದೇ ಡಬ್ಬಿಯೆಂದು ಮಳೆಗಾಲದಲ್ಲಿ ಕಳಲೆ ತುಂಬಿ ಕಳಿಸಿದಳು. ಅವರು ಜೋನಿಬೆಲ್ಲ ತುಂಬಿ ಕಳಿಸಿದರು. ಗಂಡಸರು ವಕೀಲರ ಮನೆಗೆ ಅಲೆಯುತ್ತಿದ್ದ ಅಷ್ಟೂ ಕಾಲ ಈ ಡಬ್ಬಿ ತೋಟದ ದಾರಿಯಲ್ಲಿ ಹತ್ತಿ ಇಳಿಯುತ್ತಲೇ ಇತ್ತು. ಊಟಕ್ಕೆ ಕುಳಿತ ಅಜ್ಜ ಎಲೆಯ ತುದಿಯ ಮಿಡಿಯನ್ನು ಕಚ್ಚಿ, ಅಗಿಯುವುದನ್ನು ಒಮ್ಮೆ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ “ಉಪ್ಪು ಸ್ವಲ್ಪ ಮುಂದಾಗಿದೆ” ಎಂದು ಹೇಳಿ, ಮಜ್ಜಿಗೆಯನ್ನಕ್ಕೆ ಇನ್ನೊಂದು ಬಡಿಸಿಕೊಳ್ಳುತ್ತಿದ್ದ. ನಮ್ಮ ಮರದ ಮಿಡಿಗೆ ಅವನು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ನನಗೆ ಅಕ್ಷರಗಳನ್ನು ಕೂಡಿಸಿ ಓದಲು ಬರತೊಡಗಿದ ಮೇಲೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ ಅಂಟಿಕೊಂಡಿತು. ಆಗಿನ ಪಾತ್ರೆಗಳ ಮೇಲೆ, ಕೊಟ್ಟವರ ಅಥವಾ ಪಡೆದವರ ಹೆಸರನ್ನು ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕೊರೆಸುತ್ತಿದ್ದರಷ್ಟೆ. ಡಬ್ಬಿಯ ಕಂಠದ ಕೆಳಗಿದ್ದ ಚುಕ್ಕಿಗಳ ಮೇಲೆ ಬೆರಳಾಡಿಸುತ್ತ ನಾನು ಓದಿದಾಗ ಅಲ್ಲಿದ್ದದ್ದು ನಮ್ಮ ಮನೆಯ ಹೆಸರೂ ಅಲ್ಲ, ಮೇಲಿನಮನೆಯ ಹೆಸರೂ ಅಲ್ಲ. ಕೋಣಂದೂರಿನ ಯಾರೋ ಒಬ್ಬ ಹೆಂಗಸಿನದು. ಯಾವ ಮದುವೆಯ ಗಡಿಬಿಡಿಯಲ್ಲಿ ಅದಲುಬದಲಾಗಿ ಈ ಊರಿಗೆ ಬಂದಿತ್ತೋ. ಅಜ್ಜಿ “ಓದಿದ್ದು ಸಾಕು, ಹೊರಡು” ಎಂದಳು. ಮೇಲಿನಮನೆಯಲ್ಲಿಯೂ ಸುಮ್ಮನಿರಲಾಗದೆ ಓದಿ ಹೇಳಿದೆ. ಆ ಅಮ್ಮ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, “ನಿನ್ನ ಅಜ್ಜಿಗೆ ಕಣ್ಣು ಸಮ ಕಾಣೋದಿಲ್ಲ, ನಂಗೆ ಓದಕ್ಕೆ ಬರೋದಿಲ್ಲ. ನೀನು ದೊಡ್ಡ ಪಂಡಿತ, ಅಲ್ವ?” ಎಂದರು. ಅವರು ಪ್ರತಿದಿನ ಸಂಜೆ ದೀಪದ ಬೆಳಕಿನಲ್ಲಿ ಪುರಾಣದ ಪುಸ್ತಕ ಓದುವುದನ್ನು ನಾನೇ ನೋಡಿದ್ದೆ. ದಾವೆ ಏನಾಯಿತೆಂದು ಕೇಳುವವರಿಗೆ: ಅದು ಅಜ್ಜನಿಗಿಂತ ಹೆಚ್ಚು ಕಾಲ ಬದುಕಿತು.

ಈ ಕಥೆಯನ್ನು ಹೇಳಿದಾಗಲೆಲ್ಲ ಕೇಳುವವರ ಮುಖ ಅರಳುತ್ತದೆ, ಹಿಂದಿನವರೆಂದರೆ ಹಿಂದಿನವರೇ ಎನ್ನುತ್ತಾರೆ. ಅವರಿಗೆ ನಾನು ಸಾಮಾನ್ಯವಾಗಿ ಹೇಳದಿರುವ ಸಂಗತಿಯೆಂದರೆ ಆ ಡಬ್ಬಿ ಓಡಾಡಿದ್ದು ಸರೀಕರ ನಡುವೆ ಮಾತ್ರ. ಅಡಿಕೆಯ ಕೊನೆ ಕೊಯ್ಯಲು, ಅಡಿಕೆ ಸುಲಿಯಲು ಬರುತ್ತಿದ್ದವರಿಗೆ ಅದೇ ಮರದ ಉಪ್ಪಿನಕಾಯಿಯನ್ನು ಕೊಟ್ಟಿಗೆಯ ಬದಿಯಲ್ಲಿ, ಅವರೇ ತಂದ ಪಾತ್ರೆಗೆ, ತಾಗದಂತೆ ಮೇಲಿನಿಂದ ಹಾಕುತ್ತಿದ್ದರು. ಆ ಪಾತ್ರೆಗಳು ಏನನ್ನಾದರೂ ತುಂಬಿಕೊಂಡು ಹಿಂದಿರುಗುವ ಪ್ರಶ್ನೆಯೇ ಇರಲಿಲ್ಲ. ಹಿಂದಿರುಗಿದ್ದರೆ ಅಜ್ಜಿ ಏನು ಮಾಡುತ್ತಿದ್ದಳೆಂದು ಊಹಿಸಲು ನನಗೆ ಇಷ್ಟವಿಲ್ಲ. ಹಳೆಯ ಕಾಲದ ಸೌಜನ್ಯವನ್ನು ಹೊಗಳುವ ಭಾಷಣಗಳಲ್ಲಿ ಈ ಕೊಟ್ಟಿಗೆಯ ಬದಿ ಎಂದೂ ಬರುವುದಿಲ್ಲವಾದ್ದರಿಂದ ಅಂಥ ಸಭೆಗಳಿಂದ ನಾನು ಕಾಫಿಯ ನಂತರ ಎದ್ದು ಬರುತ್ತೇನೆ. ಎದುರುಮನೆಯ ದಂಪತಿ ಯಾವ ಜಾತಿಯವರೆಂದು ನಮಗೆ ಗೊತ್ತಿಲ್ಲ; ನಾವು ಕೇಳಿಲ್ಲ, ಅವರೂ ಕೇಳದೆಯೇ ಕಡುಬು ತಿಂದಿದ್ದಾರೆ. ಇದು ಅಜ್ಜಿಯ ಕಾಲಕ್ಕಿಂತ ಒಳ್ಳೆಯದೆಂಬುದರಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ಆದರೂ ನಾಲ್ಕು ಕಾಳು ಸಕ್ಕರೆ ಹಾಕಬಹುದಿತ್ತು.

ನನ್ನ ಹೆಂಡತಿಯ ದೃಷ್ಟಿ ಬೇರೆ. ಅವಳು ಹೇಳುವ ಪ್ರಕಾರ ಇದು ಗಂಡಸರು ಹೊಗಳುವ, ಹೆಂಗಸರು ನಡೆಸುವ ಪದ್ಧತಿ. ಕೆಸುವಿನ ಎಲೆ ಕೊಯ್ಯುವಾಗ ಇಂಬಳ ಕಚ್ಚಿಸಿಕೊಂಡವಳು ಅಜ್ಜಿ, ಬಿಸಿಲಿನಲ್ಲಿ ಹಪ್ಪಳ ಒಣಗಿಸಿ ಕಾಗೆ ಓಡಿಸಿದವಳು ಅಜ್ಜಿ, ಮಜ್ಜಿಗೆಯನ್ನಕ್ಕೆ ಕಚ್ಚಿಕೊಂಡವನು ಅಜ್ಜ. ಎದುರುಮನೆಯ ಹುಡುಗಿ ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ಆಮೇಲೆ ನಿಂತು ನಮ್ಮ ಡಬ್ಬಿಯನ್ನು ಉಜ್ಜಿದ್ದೇ ಹೆಚ್ಚಾಯಿತೆಂದು ಅವಳ ತೀರ್ಪು. ಉಜ್ಜಿದ್ದು ಹುಡುಗಿಯೋ ಹುಡುಗನೋ ಎಂದು ನಾನು ಕೇಳಿದ್ದಕ್ಕೆ, “ಅದನ್ನ ಯೋಚಿಸೋ ಮಟ್ಟಿಗಾದ್ರೂ ಬಂದ್ರಲ್ಲ, ಪುಣ್ಯ” ಎಂದಳು. ಅಷ್ಟಕ್ಕೆ ಬಿಡದೆ, ಇನ್ನು ಮುಂದೆ ಬೇರೆಯವರ ಡಬ್ಬಿಗಳನ್ನು ತುಂಬಿಸಿ ಹಿಂದಿರುಗಿಸುವ ಪೂರ್ತಿ ಜವಾಬ್ದಾರಿ ನನ್ನದೆಂದೂ ಅವಳ ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿಗಳಿಗೆ ಕೈ ಹಾಕಬಾರದೆಂದೂ ಕರಾರು ಮಾಡಿದಳು. ಅಂಗಡಿಯ ಬಿಸ್ಕತ್ತು ತುಂಬುವುದು ಅಜ್ಜಿಗೆ ಅವಮಾನ ಮಾಡಿದಂತೆ ಎಂದು ಈ ಮೊದಲೇ ನಾನೇ ಹೇಳಿದ್ದರಿಂದ ಆ ದಾರಿಯೂ ಮುಚ್ಚಿತ್ತು.

ಹೀಗಾಗಿ ನನ್ನ ಪಾಲಿಗೆ ಉಳಿದದ್ದು ನಿಂಬೆಹಣ್ಣು. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಚಿಂತೆಯಿರಲಿಲ್ಲ. ಗಾಂಧಿಬಜಾರಿನಿಂದ ಒಂದಷ್ಟು ತಂದಿಟ್ಟುಕೊಂಡು ಡಬ್ಬಿಗೆ ಎರಡರಂತೆ ಹಾಕಿ ತಲೆಯೆತ್ತಿ ಹಂಚಿಬಂದೆ. ಯುಗಾದಿಗೆ ಬಂದ ಹೋಳಿಗೆಯ ಡಬ್ಬಿಗಳು ಸಾಲಾಗಿ ಕುಳಿತ ಹೊತ್ತಿಗೆ ನಿಂಬೆಹಣ್ಣಿನ ಬೆಲೆ ಗಗನಕ್ಕೇರಿತು. ಚೌಕಾಸಿ ಮಾಡಿದ್ದಕ್ಕೆ ಮಾರುವವಳು “ಬ್ಯಾಡಾದ್ರೆ ಬುಡಿ ಸ್ವಾಮಿ” ಎಂದು ಮುಖ ತಿರುಗಿಸಿದಳು. ಎರಡು ಹಣ್ಣನ್ನು ಒಂದಕ್ಕೆ ಇಳಿಸುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಡಬ್ಬಿಗಳು ಕಪಾಟಿನಲ್ಲಿಯೇ ಉಳಿದವು. ಮೂರನೆಯ ತಿರುವಿನ ಮನೆಯ ಅಕ್ಕ ಒಂದು ದಿನ ಫೋನ್ ಮಾಡಿ, ಮಗಳ ಸೀಮಂತಕ್ಕೆ ಪಾತ್ರೆ ಕಡಿಮೆ ಬೀಳುತ್ತಿದೆ, ತಪ್ಪು ತಿಳಿಯಬಾರದು, ಡಬ್ಬಿ ಖಾಲಿಯೇ ಆದರೂ ಪರವಾಗಿಲ್ಲ, ಕಳಿಸಿಕೊಡುತ್ತೀರಾ ಎಂದು ಕೇಳಿದರು. “ಖಾಲಿ ಹೇಗೆ ಕೊಡೋದು ಅಕ್ಕ, ಸ್ವಲ್ಪ ತಡೀರಿ” ಎಂದೆ, “ಒಂದು ಮಳೆ ಬೀಳಲಿ, ಹಿತ್ತಿಲಲ್ಲಿ ಕೆಸು ಚಿಗುರಲಿ.”