ಆ ಬೋಟ್ ಮಗುಚಿದ್ದು ಮರೀನ್ ಡ್ರೈವ್‌ನಲ್ಲಿ ಅಲ್ಲ

ಮುಂಬೈನ ಮಾಟುಂಗದ ನಮ್ಮ ಕನ್ನಡ ಗುಂಪಿನಲ್ಲಿ ಒಂದು ವಿಡಿಯೊ ಓಡಾಡುತ್ತಿದೆ: 'ಮರೀನ್ ಡ್ರೈವ್‌ನಲ್ಲಿ ರೇಸ್ ಬೋಟ್ ಪಲ್ಟಿ, ಚಾಲಕ ಸಾವು.' ಎರಡೂ ತಪ್ಪು. ದಡದಲ್ಲಿ ಸಾಲಾಗಿ ಪೈನ್ ಮರಗಳಿವೆ. ಮರೀನ್ ಡ್ರೈವ್‌ನಲ್ಲಿ ಎಲ್ಲಿಯ ಪೈನ್?

ಇಲ್ಲಿ 2017ರ ಮಾರ್ಚ್‌ನಲ್ಲಿ ಪಿ1 ಪವರ್‌ಬೋಟ್ ರೇಸ್ ನಡೆದದ್ದು ನಿಜ. ಅವು ಅಲೆ ಸೀಳುತ್ತಾ ಹೋಗುವ, ಇಬ್ಬರು ಕೂರುವ ಬೋಟ್‌ಗಳು. ವಿಡಿಯೊದಲ್ಲಿರುವುದು ಹೈಡ್ರೋಪ್ಲೇನ್ ಎಂಬ ಬೇರೆ ಬಗೆಯ ರೇಸ್ ಬೋಟ್. ವೇಗ ಏರಿದಂತೆ ಅದರ ತಳ ನೀರು ಮುಟ್ಟುವುದೇ ಕಡಿಮೆ. ಮೂತಿಯಡಿ ಗಾಳಿ ಜಾಸ್ತಿ ನುಗ್ಗಿತೋ, ಹಿಂದಕ್ಕೆ ಲಾಗ ಹಾಕುತ್ತದೆ. ವಿಡಿಯೊದ ಬೋಟ್ ಮಗುಚಿದ್ದೂ ಹಾಗೆಯೇ.

ಇನ್ನು ಸಾವಿನ ಮಾತು. ವಿಡಿಯೊದ ಕೊನೆಯ ಹತ್ತು ಸೆಕೆಂಡ್ ಯಾರೂ ನೋಡಿದಂತಿಲ್ಲ. ಇಂಥ ಬೋಟ್‌ನ ತಳದಲ್ಲೊಂದು ಪುಟ್ಟ ಬಾಗಿಲಿರುತ್ತದೆ, ಮಗುಚಿದಾಗ ಅದೇ ಮೇಲೆ ಬರುತ್ತದೆ. ಚಾಲಕ ಅಲ್ಲಿಂದಲೇ ತೂರಿ ಬಂದು ಕೈ ಬೀಸುತ್ತಾನೆ.

ಸುಮ್ನೆ ಫಾರ್ವರ್ಡ್ ಮಾಡಿದವರಲ್ಲಿ ನಾನೂ ಒಬ್ಬ. ಈಗ ಅಳಿಸಿದ್ದೇನೆ.