ಹನ್ನೆರಡು ನಿಮಿಷದ ಕಾಡು

'ಒಂದೂರು, ಊರಾಚೆ ಒಂದು ದಟ್ಟ ಕಾಡು' ಎಂದು ಹೇಳಿ ಮುಂದಕ್ಕೆ ಹೋಗಲು ಅಜ್ಜಿಗೆ ಮೂರು ಸೆಕೆಂಡ್ ಸಾಕು. ಅದೇ ಕಾಡು ಶಾಲಾ ವಾರ್ಷಿಕೋತ್ಸವದ ವೇದಿಕೆಗೆ ಬರಬೇಕಾದರೆ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ನಾಲ್ಕಾರು ಬೇಕು, ಹಸಿರು ಬಣ್ಣ ಬೇಕು, ಹಿಂದಿನಿಂದ ಆನಿಸಲು ರೀಪರ್ ಪಟ್ಟಿ ಬೇಕು, ಬುಡಕ್ಕೆ ಮರಳಿನ ಚೀಲ ಬೇಕು. ಮರಳಿನ ಚೀಲ ಮರೆತರೆ ಎರಡನೇ ದೃಶ್ಯದಲ್ಲಿ ಆಲದಮರ ರಾಜಕುಮಾರನ ತಲೆ ಮೇಲೆ ಬೀಳುತ್ತದೆ. ಸಭೆ ಅದಕ್ಕೇ ಹೆಚ್ಚು ಚಪ್ಪಾಳೆ ಹೊಡೆಯುತ್ತದೆ. ಬಾಯಿಮಾತಿನಲ್ಲಿ ಬಿಟ್ಟಿ ಸಿಕ್ಕಿದ್ದೆಲ್ಲ ರಂಗದ ಮೇಲೆ ಬಿಲ್ಲಿನ ಸಮೇತ ಬರುತ್ತದೆ.

ಆದ್ದರಿಂದ ಕತೆ ಆರಿಸುವಾಗಲೇ ಲೆಕ್ಕ ಹಾಕಿಬಿಡುವುದು ಮೇಲು. ಸಿಂಡ್ರೆಲ್ಲಾ ಮಾಡೋಣ ಎಂದು ಯಾರಾದರೂ ಒಬ್ಬರು ಅಂದೇ ಅನ್ನುತ್ತಾರೆ. ಕುಂಬಳಕಾಯಿಯ ರಥ, ಗಾಜಿನ ಚಪ್ಪಲಿ ಇರುವುದು ಫ್ರಾನ್ಸಿನ ಲೇಖಕ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ರೂಪದಲ್ಲಿ. ಗಾಜಿನ ಚಪ್ಪಲಿಯ ತೊಂದರೆ ಏನೆಂದರೆ, ಅದು ನಾಲ್ಕನೇ ಸಾಲಿನಿಂದಾಚೆ ಯಾರಿಗೂ ಕಾಣುವುದಿಲ್ಲ. ರಾಜಕುಮಾರ ಬರಿಗೈ ಎತ್ತಿ ಹಿಡಿದು ಊರೆಲ್ಲ ಅಲೆದ ಹಾಗಿರುತ್ತದೆ. ಜರ್ಮನಿಯ ಗ್ರಿಮ್ ಸೋದರರು 1812ರಿಂದ ಪ್ರಕಟಿಸಿದ ಕತೆಗಳಲ್ಲಿನ ಸಿಂಡ್ರೆಲ್ಲಾಳಿಗೆ ಕುಂಬಳಕಾಯಿಯೂ ಇಲ್ಲ, ಗಾಜೂ ಇಲ್ಲ. ತಾಯಿಯ ಸಮಾಧಿ ಮೇಲೆ ಬೆಳೆದ ಮರ, ಸಹಾಯಕ್ಕೆ ಬರುವ ಹಕ್ಕಿಗಳು, ಚಿನ್ನದ ಚಪ್ಪಲಿ, ಅಷ್ಟೇ. ಹಳೇ ಚಪ್ಪಲಿಗೆ ಜರಿ ಕಾಗದ ಸುತ್ತಿದರೆ ಕೊನೇ ಸಾಲಿಗೂ ಮಿಂಚುತ್ತದೆ, ಹಕ್ಕಿಗಳ ಲೆಕ್ಕದಲ್ಲಿ ಹತ್ತು ಮಕ್ಕಳಿಗೆ ಪಾತ್ರವೂ ಸಿಗುತ್ತದೆ. ಅಕ್ಕಂದಿರು ಚಪ್ಪಲಿಗೆ ಕಾಲು ತೂರಿಸಲು ಬೆರಳು, ಹಿಮ್ಮಡಿ ಕೊಯ್ದುಕೊಳ್ಳುವ ಭಾಗವೊಂದನ್ನು ಮುಖ್ಯ ಅತಿಥಿಗಳ ಎದುರು ಬಿಟ್ಟುಬಿಡಬಹುದು.

ಅಷ್ಟು ದೂರವಾದರೂ ಯಾಕೆ ಹೋಗಬೇಕು? ಕಾಗಕ್ಕ ಗುಬ್ಬಕ್ಕನ ಕತೆಯಷ್ಟು ರಂಗಕ್ಕೆ ಒಗ್ಗುವುದು ಇನ್ನೊಂದಿಲ್ಲ. ಕಾಗಕ್ಕನ ಸಗಣಿ ಮನೆ ಮಳೆಗೆ ಕರಗಿಹೋಗುತ್ತದೆ, ನೆನೆದುಕೊಂಡು ಬಂದು ಗುಬ್ಬಕ್ಕನ ಕಲ್ಲಿನ ಮನೆ ಬಾಗಿಲು ಬಡಿಯುತ್ತಾಳೆ. ತಾಳು, ಮಗುವಿಗೆ ನೀರು ಹಾಕ್ತಿದೀನಿ. ತಾಳು, ಉಣ್ಣಿಸ್ತಿದೀನಿ. ತಾಳು, ತೂಗ್ತಿದೀನಿ. ಎರಡು ಮನೆ, ಒಂದು ಬಾಗಿಲು, ಒಂದು ಮಳೆ; ಸಾಮಾನು ಅಷ್ಟೇ. ಸಗಣಿ ಮನೆಗೆ ಕಂದು ದುಪ್ಪಟ್ಟವನ್ನು ಇಬ್ಬರು ಮಕ್ಕಳು ಎತ್ತಿ ಹಿಡಿದು ನಿಂತರಾಯಿತು, ಮಳೆ ಬಂದ ತಕ್ಷಣ ಕೂತುಬಿಟ್ಟರೆ ಮನೆ ಕರಗಿತು. ಥರ್ಮಾಕೋಲಿನ ಯಾವ ಮನೆಯೂ ಇಷ್ಟು ಚೆನ್ನಾಗಿ ಕುಸಿಯುವುದಿಲ್ಲ.

ಮತ್ತೆ ಮತ್ತೆ ಬರುವ ಮಾತು ಮಕ್ಕಳಿಗೆ ಬೇಗ ಬಾಯಿಗೆ ಬರುತ್ತದೆ. ಅಪಾಯವೂ ಅಲ್ಲೇ ಇದೆ. ಮೂರು ಸಲವೂ ಕಾಗಕ್ಕನ ಮಾತು ಒಂದೇ, 'ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ.' ದೀಪದ ಬೆಳಕು ಮುಖಕ್ಕೆ ಬಿದ್ದಾಗ ಇದು ಎರಡನೆಯದೋ ಮೂರನೆಯದೋ ಗುಬ್ಬಕ್ಕನಿಗೆ ಮರೆತುಹೋಗುತ್ತದೆ. ಮೂರನೆಯದಕ್ಕೆ ಮೊದಲನೆಯ ಉತ್ತರ ಕೊಡುತ್ತಾಳೆ, ಕಾಗಕ್ಕ ನಿಯತ್ತಾಗಿ ಮತ್ತೆ ಬಡಿಯುತ್ತಾಳೆ, ಮಗುವಿಗೆ ಎರಡನೇ ಸ್ನಾನ ಶುರುವಾಗುತ್ತದೆ. ಸೈಡ್ ವಿಂಗಿನಿಂದ ಮಿಸ್ಸು ಪಿಸುಗುಟ್ಟಿದ್ದು ಮೈಕಿನಲ್ಲಿ ಕೇಳುತ್ತದೆಯೇ ಹೊರತು ಗುಬ್ಬಕ್ಕನಿಗೆ ಕೇಳುವುದಿಲ್ಲ. ಇದಕ್ಕೆ ಮದ್ದು ಇನ್ನಷ್ಟು ಉರು ಹೊಡೆಸುವುದಲ್ಲ, ಮಾತಿಗೆ ಒಂದು ವಸ್ತು ಕಟ್ಟುವುದು. ಬಾಗಿಲ ಒಳಗೆ ಎಡದಿಂದ ಬಲಕ್ಕೆ ಚೊಂಬು, ತಟ್ಟೆ, ತೊಟ್ಟಿಲು ಸಾಲಾಗಿ ಇಡಿ. ಒಂದೊಂದು ಬಡಿತಕ್ಕೂ ಗುಬ್ಬಕ್ಕ ಒಂದೊಂದು ಹೆಜ್ಜೆ ಬಲಕ್ಕೆ ಸರಿಯಲಿ. ಆಮೇಲೆ ನೆನಪಿಡುವ ಕೆಲಸ ಕಾಲಿನದು. ಚೊಂಬು ಮಾತ್ರ ಖಾಲಿ ಇರಲಿ. ನಿಜವಾದ ನೀರು ತುಂಬಿಸಿ ಕೊಟ್ಟರೆ ಮುಂದಿನ ನೃತ್ಯದವರು ಜಾರುತ್ತಾರೆ.

ಇನ್ನು ಪಾತ್ರ ಹಂಚಿಕೆ. ಕತೆಯಲ್ಲಿ ಇರುವುದು ಇಬ್ಬರು, ಸೆಕ್ಷನ್ನಿನಲ್ಲಿ ಇರುವುದು 40 ಮಕ್ಕಳು, ಮೊಬೈಲ್ ಎತ್ತಿಕೊಂಡು ಕೂತ ಅಪ್ಪ ಅಮ್ಮಂದಿರು 80. ಮಿಕ್ಕವರನ್ನು ಮರ ಮಾಡಿ ನಿಲ್ಲಿಸುವುದು ಬೆಂಗಳೂರಿನ ಶಾಲೆಗಳಲ್ಲಿ ನಡೆದುಬಂದ ಪದ್ಧತಿ. ಅಲ್ಲಾಡದೆ ಹನ್ನೆರಡು ನಿಮಿಷ ನಿಂತಿರುವುದು ಎಂಟು ವರ್ಷದ ದೇಹಕ್ಕೆ ಆಗುವ ಕೆಲಸವಲ್ಲ; ಐದನೇ ನಿಮಿಷಕ್ಕೆ ಮರ ಮೂಗು ಕೆರೆಯುತ್ತದೆ, ಏಳನೆಯದಕ್ಕೆ ಅಮ್ಮನಿಗೆ ಕೈ ಬೀಸುತ್ತದೆ. ಅವರನ್ನು ಮಳೆ ಮಾಡಿ. ಮೊದಲು ಅಂಗೈ ಉಜ್ಜುವುದು, ಆಮೇಲೆ ಒಂದು ಬೆರಳಿನಿಂದ ಅಂಗೈ ತಟ್ಟುವುದು, ಎರಡು ಬೆರಳು, ನಾಲ್ಕು ಬೆರಳು, ಕೊನೆಗೆ ತೊಡೆ ಬಡಿದು ಕಾಲು ಕುಟ್ಟುವುದು. 30 ಮಕ್ಕಳು ಹೀಗೆ ಮಾಡಿದರೆ ಕಣ್ಣು ಮುಚ್ಚಿದವರು ಕೊಡೆ ಹುಡುಕಬೇಕು. ಅದನ್ನೇ ಹಿಂದುಮುಂದಾಗಿ ಮಾಡಿದರೆ ಮಳೆ ನಿಂತಿತು. ಪೆನ್ ಡ್ರೈವಿನ ಮಳೆಗೆ ಈ ಗುಣವಿಲ್ಲ. ಅದು ಕಾಗಕ್ಕನ ಮಾತಿಗೆ ಕಾಯುವುದಿಲ್ಲ.

ಪೆನ್ ಡ್ರೈವ್ ಎಂದಾಗ ನೆನಪಾಯಿತು. ಮಾತನ್ನೆಲ್ಲ ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿ, ಮಕ್ಕಳು ತುಟಿ ಆಡಿಸುವ ನಾಟಕ ಈಗ ಹೆಚ್ಚು. ಧ್ವನಿ ಎಲ್ಲರಿಗೂ ಕೇಳುತ್ತದೆ, ನಿಜ. ಆದರೆ ಒಂದು ಮಗು ಎರಡು ಸೆಕೆಂಡ್ ತಡವಾಗಿ ಬಂದರೆ ಅಲ್ಲಿಂದ ಮುಂದೆ ನರಿಯ ಮಾತಿಗೆ ಮೊಲ ಬಾಯಿ ತೆರೆಯುತ್ತಿರುತ್ತದೆ, ಮತ್ತೆ ಸರಿಹೋಗುವುದಿಲ್ಲ. ವೇದಿಕೆಯ ಅಂಚಿನಲ್ಲಿ ಮೂರು ಮೈಕ್ ಇಟ್ಟು, ನೆಲದ ಮೇಲೆ ಬಳಪದಲ್ಲಿ ಮೂರು ವೃತ್ತ ಬರೆದು, ಮಾತಾಡುವವರು ವೃತ್ತದೊಳಗೆ ನಿಂತು ಆಡಲಿ. ಸ್ಪೀಕರ್ ಪೆಟ್ಟಿಗೆ ಮೈಕಿಗಿಂತ ಹಿಂದೆ ಇದ್ದರೆ ಕುಯ್ಯೆಂಬ ಕೂಗು ಏಳುತ್ತದೆ. ಅದನ್ನು ಪ್ರೇಕ್ಷಕರ ಕಡೆಗೆ ಮುಂದಕ್ಕೆ ಸರಿಸಬೇಕು. ಕಾಲರ್ ಮೈಕ್ ತಂದರೆ ಹೊಸ ಬ್ಯಾಟರಿ ಆ ದಿನವೇ ಹಾಕಿ, ಹಾಕಿದ ಮೇಲೆ ಆಫ್ ಮಾಡುವುದನ್ನು ಮರೆಯಬೇಡಿ. ಗ್ರೀನ್ ರೂಮಿನಲ್ಲಿ ರಾಕ್ಷಸ 'ಮಿಸ್, ಸೂಸು' ಅಂದದ್ದು ಇಡೀ ಸಭಾಂಗಣಕ್ಕೆ ಕೇಳಿಸಿದರೆ ಆಮೇಲೆ ಅವನಿಗೆ ಯಾರೂ ಹೆದರುವುದಿಲ್ಲ.

ಮಾತು ಕಲಿಸುವಾಗ ಒಂದು ಎಚ್ಚರ. ಮನೆಯಲ್ಲಿ ತೆಲುಗು, ತಮಿಳು, ಹಿಂದಿ ಆಡುವ ಮಕ್ಕಳು ತರಗತಿಯಲ್ಲಿ ಅರ್ಧಕ್ಕರ್ಧ. ವಾಟ್ಸಾಪಿನಲ್ಲಿ ಸಂಭಾಷಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದರೆ ಕಾಗಕ್ಕ ಹಳ್ಳ ದಾಟುವ ಬದಲು ಹಲ್ಲು ದಾಟುತ್ತಾಳೆ. ಧ್ವನಿ ಮುದ್ರಿಸಿ ಕಳಿಸಿ. ಒಂದು ಸಾಲು ಏಳೆಂಟು ಪದಕ್ಕೆ ಮುಗಿಯಲಿ.

ಮುಖವಾಡಕ್ಕೆ ಬಲೂನಿನ ಮೇಲೆ ಪೇಪರ್ ಅಂಟಿಸುವ ಹಳೇ ದಾರಿಯೇ ಚೆನ್ನ. ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು, ಗಂಟಾಗದಂತೆ ಕದಡಿ ಕುದಿಸಿ ಆರಿಸಿ. ಬೆರಳಗಲದ ಪೇಪರ್ ಪಟ್ಟಿ ನಾಲ್ಕು ಪದರ, ಒಂದು ಪದರ ಒಣಗಿದ ಮೇಲೇ ಇನ್ನೊಂದು. ಅವಸರಕ್ಕೆ ಬಿಸಿಲಿಗಿಟ್ಟರೆ ಒಳಗಿನ ಗಾಳಿ ಉಬ್ಬಿ ಪೇಪರ್ ಬಿರಿಯುತ್ತದೆ, ನೆರಳೇ ಸರಿ. ನವೆಂಬರ್ ಮಳೆ ಹಿಡಿಯಿತೆಂದರೆ ವಾರವೇ ಬೇಕಾದೀತು. ಮೈಲುತುತ್ತ ಹಾಕಿದರೆ ಹುಳು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಅದು ವಿಷ, ಮಕ್ಕಳ ಮೂಗಿನ ಹತ್ತಿರ ಇರುವ ವಸ್ತು ಇದು. ಮುಖ ಪೂರ್ತಿ ಮುಚ್ಚುವ ಮುಖವಾಡವಂತೂ ಬೇಡವೇ ಬೇಡ. ಧ್ವನಿ ಒಳಗೇ ಉಳಿಯುತ್ತದೆ, ಕಣ್ಣಿನ ತೂತು ಸರಿದು ಹುಲಿ ಪರದೆಗೆ ಡಿಕ್ಕಿ ಹೊಡೆಯುತ್ತದೆ. ಹಣೆಯ ಮೇಲೆ ಟೋಪಿಯಂತೆ ಕೂರುವ ಹಾಗೆ ಕತ್ತರಿಸಿದರೆ ಮೇಲೆ ಹುಲಿ, ಕೆಳಗೆ ಮಗುವಿನ ಮುಖ. ಅಪ್ಪ ಅಮ್ಮನಿಗೂ ಸಮಾಧಾನ.

ನಗರದಲ್ಲಿ ಮೈದಾನವಿರುವ ಶಾಲೆಗಳು ಕಡಿಮೆ, ಹಾಗಾಗಿ ಸಭಾಂಗಣ ಬಾಡಿಗೆಗೆ ಹಿಡಿಯುತ್ತಾರೆ. ತರಗತಿಯಲ್ಲಿ ಬೆಂಚು ಸರಿಸಿ 15 ಅಡಿಯಲ್ಲಿ ಕಲಿತ ಮಕ್ಕಳು 35 ಅಡಿ ವೇದಿಕೆ ಕಂಡ ಕೂಡಲೇ ನಡುವಿಗೆ ಬಂದು ಗುಂಪಾಗುತ್ತಾರೆ. ವೇದಿಕೆಯ ಅಳತೆ ಮೊದಲೇ ಕೇಳಿ ತಿಳಿದು, ಶಾಲೆಯ ಪಾರ್ಕಿಂಗಿನಲ್ಲೋ ತಾರಸಿಯಲ್ಲೋ ಸುಣ್ಣದಲ್ಲಿ ಗುರುತು ಹಾಕಿ ಎರಡು ವಾರವಾದರೂ ಅಲ್ಲೇ ಅಭ್ಯಾಸ ನಡೆಸಬೇಕು. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ವಾರ್ಷಿಕೋತ್ಸವದಲ್ಲಿ ತಡವಾಗಿ ಬರುವವರು ಮುಖ್ಯ ಅತಿಥಿಗಳೇ, ಬಂದ ಮೇಲೆ ಭಾಷಣ ಬೇರೆ. ಬಯಲಿನ ಶಾಮಿಯಾನವಾದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕು ಎಂಬ ಕಾನೂನು ಇದೆ, ಕತ್ತರಿ ಬೀಳುವುದು ನಾಟಕಕ್ಕೆ. ಹನ್ನೆರಡು ನಿಮಿಷದ್ದನ್ನು ಎಂಟಕ್ಕೆ ಇಳಿಸಲು ಯಾವ ದೃಶ್ಯ ಬಿಡಬೇಕೆಂದು ಮಕ್ಕಳಿಗೆ ಮೊದಲೇ ಹೇಳಿ ಒಮ್ಮೆ ಮಾಡಿಸಿಟ್ಟಿರಿ.

ವೇಷ ಬಾಡಿಗೆಗೆ ತರುವುದಾದರೆ ತಿಂಗಳು ಮುಂಚೆ ಹೇಳಿಡಿ. ಡಿಸೆಂಬರಿನಲ್ಲಿ ಎಲ್ಲ ಶಾಲೆಗೂ ಒಂದೇ ವಾರ ಹುಲಿ ಬೇಕು, ಕೊನೆಗೆ ಬಂದವರಿಗೆ ಸಿಗುವುದು ಕರಡಿ. ಬಾಲವನ್ನು ಪಿನ್ ಹಾಕಿ ಸಿಕ್ಕಿಸದೆ ಸೊಂಟದ ಬೆಲ್ಟಿಗೆ ಹೊಲಿಸಿ, ಏಕೆಂದರೆ ಹಿಂದಿನ ಸಾಲಿನಲ್ಲಿ ನಿಂತ ಮೊಲ ಅದನ್ನು ಎಳೆಯದೆ ಬಿಡುವುದಿಲ್ಲ. ವಾಪಸು ಕೊಡುವಾಗ ಅಂಗಡಿಯವರು ಮೊದಲು ಎಣಿಸುವುದೂ ಬಾಲಗಳನ್ನೇ. ಒಂದು ಕಡಿಮೆಯಾದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ.