ಸ್ಪಷ್ಟನೆ: ವಿದೇಶಿ ಪ್ರವಾಸಿಗರಿಗೂ ಪೋಕ್ಸೊ ಅನ್ವಯಿಸುತ್ತದೆ

‘ವಿದೇಶಿ ಪ್ರವಾಸಿಗನು ಇಲ್ಲಿಯ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರೆ ನಮ್ಮ ಪೊಲೀಸರು ಕೇಸು ದಾಖಲಿಸುವಂತಿಲ್ಲ, ಮೊದಲು ಆತನ ದೇಶದ ರಾಯಭಾರ ಕಚೇರಿಯ ಅನುಮತಿ ಬೇಕು’ ಎಂಬ ಸಂದೇಶವೊಂದು ಕಾಸರಗೋಡು, ಬೇಕಲ ಪರಿಸರದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಭಾರತದ ನೆಲದಲ್ಲಿ ನಡೆದ ಅಪರಾಧಕ್ಕೆ ಆರೋಪಿಯ ಪೌರತ್ವ ಯಾವುದೇ ಇರಲಿ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ರಾಜತಾಂತ್ರಿಕರಿಗಿರುವ ವಿನಾಯಿತಿ ಪ್ರವಾಸಿ ವೀಸಾದಲ್ಲಿ ಬಂದವರಿಗಿಲ್ಲ. ಮುಂಬೈಯ ಆಶ್ರಯಧಾಮವೊಂದರ ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣದಲ್ಲಿ ಹೈಕೋರ್ಟಿನಿಂದ ಖುಲಾಸೆಗೊಂಡಿದ್ದ ಇಬ್ಬರು ಬ್ರಿಟಿಷ್ ಪ್ರಜೆಗಳ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಮರಳಿ ಜಾರಿಗೊಳಿಸಿದ್ದು, ಪೋಕ್ಸೊ ಇನ್ನೂ ಬಾರದಿದ್ದ ಕಾಲದಲ್ಲೇ.

ಗೊಂದಲದ ಮೂಲ ಬಹುಶಃ ಬೇರೊಂದು ನಿಯಮದಲ್ಲಿದೆ. ಭಾರತೀಯ ಪ್ರಜೆಯು ಪರದೇಶದಲ್ಲಿ ಇಂತಹ ಕೃತ್ಯ ಎಸಗಿದರೂ ಭಾರತೀಯ ನ್ಯಾಯ ಸಂಹಿತೆಯ 1ನೇ ಸೆಕ್ಷನ್ ಪ್ರಕಾರ ಇಲ್ಲಿ ಶಿಕ್ಷಾರ್ಹನೇ. ಆದರೆ ಅದನ್ನು ಇಲ್ಲಿಯ ನ್ಯಾಯಾಲಯ ವಿಚಾರಣೆ ನಡೆಸಲು ಕೇಂದ್ರ ಸರಕಾರದ ಪೂರ್ವಾನುಮತಿ ಬೇಕು. ಮನೆಗೊಬ್ಬರಂತೆ ಗಲ್ಫಿಗೆ ಹೋಗುವ ನಮ್ಮ ಊರುಗಳಲ್ಲಿ ಇದೂ ತಿಳಿದಿರಬೇಕಾದ ಮಾತು. ಅಮೆರಿಕದಂತಹ ದೇಶಗಳು ಸಹ ಹೊರದೇಶದಲ್ಲಿ ಮಕ್ಕಳನ್ನು ಶೋಷಿಸಿದ ತಮ್ಮ ಪ್ರಜೆಗಳನ್ನು ಸ್ವದೇಶದಲ್ಲಿ ಶಿಕ್ಷಿಸುತ್ತವೆ. ಅಲ್ಲಿಯ 2003ರ ಪ್ರೊಟೆಕ್ಟ್ ಕಾಯ್ದೆಯಡಿ 30 ವರ್ಷಗಳವರೆಗೂ ಸೆರೆವಾಸವಿದೆ.

ಅನುಮಾನ ಬಂದ ಹೋಮ್‌ಸ್ಟೇ ಮಾಲಿಕರಾಗಲಿ, ರಿಕ್ಷಾ ಚಾಲಕರಾಗಲಿ ಯಾರ ಅನುಮತಿಗೂ ಕಾಯದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು; ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ಮಾಹಿತಿ ನೀಡುವುದು ಕಡ್ಡಾಯ. ಆದುದರಿಂದ ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ.